ಗೌರಿ ಲದ್ದಿ ಹಾಕಿದ ಆ ಬೆಳಗಿನ ಜಾವಕ್ಕೆ, ನಿಮಗೆಲ್ಲ ಥ್ಯಾಂಕ್ಸ್

ಕಳೆದ ಭಾನುವಾರ ನಾನೂ ನಮ್ಮ ಕುದುರೆ ಗೌರಿನೂ ನಮ್ಮ ಮೊದಲ್ನೇ ಡ್ರೆಸ್ಸಾಜ್ ಟೆಸ್ಟ್ ಮುಗಿಸಿದ್ವಿ, 61.4 ಪರ್ಸೆಂಟ್ ಬಂತು, ಅವತ್ತಿಂದ ಮೆಸೇಜ್ ಮೇಲೆ ಮೆಸೇಜ್. ಡ್ರೆಸ್ಸಾಜ್ ಅಂದ್ರೆ ಜಡ್ಜ್ ಮುಂದೆ ಕುದುರೆನ ಹೇಳಿದ ಜಾಗದಲ್ಲಿ ಹೇಳಿದ ಹಾಗೆ ನಡೆಸಿ, ತಿರುಗಿಸಿ, ನಿಲ್ಲಿಸಿ ತೋರ್ಸೋದು, ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್. ಒಬ್ಬೊಬ್ರಿಗೇ ಉತ್ತರ ಕೊಡೋಕೆ ಕೂತ್ರೆ ತಿಂಗ್ಳಾಗತ್ತೆ ಅಂತ ಇಲ್ಲೇ ಬರೀತಿದೀನಿ. ಎಲ್ರೂ ಭಾನುವಾರದ ಬಗ್ಗೆ ಕೇಳ್ತಿದೀರ, ಆದ್ರೆ ನಾನು ಜುಲೈ ಕೊನೇ ವಾರದ ಒಂದು ರಾತ್ರಿಯಿಂದ ಶುರು ಮಾಡ್ಬೇಕು, ಯಾಕಂದ್ರೆ ಆ ರಾತ್ರಿ ಲಾಯದಲ್ಲಿ ಇದ್ದೋರು ಇಲ್ದೇ ಹೋಗಿದ್ರೆ ಈ ಭಾನುವಾರ ನಮ್ಮ ಪಾಲಿಗೆ ಬರ್ತಾನೇ ಇರ್ಲಿಲ್ಲ.

ಗೊತ್ತಿಲ್ದೋರಿಗೆ ಹೇಳ್ಬಿಡ್ತೀನಿ. ನಮ್ದು ಯಲಹಂಕ ದಾಟಿದ ಮೇಲೆ ಸಿಗೋ ಪುಟ್ಟ ಕ್ಲಬ್, ಹನ್ನೊಂದು ಕುದುರೆ, ತಗಡಿನ ಶೀಟಿನ ಲಾಯ, ಮರಳು ಹಾಸಿರೋ 20 ಮೀಟರ್ ಅಗಲ 40 ಮೀಟರ್ ಉದ್ದದ ಒಂದು ಅರೀನಾ, ಅದ್ರ ಸುತ್ತ ಎಲ್ಲಿ ಏನು ಮಾಡ್ಬೇಕು ಅನ್ನೋ ಗುರುತಿಗೆ ಹಳೇ ಪೇಂಟ್ ಡಬ್ಬಗಳ ಮೇಲೆ ಎ, ಕೆ, ಇ, ಎಚ್, ಸಿ, ಎಂ, ಬಿ, ಎಫ್ ಅಂತ ಬರೆದಿಟ್ಟಿದೀವಿ. ಗೌರಿಗೆ ಹದಿನಾರು ವರ್ಷ. ಹುಟ್ಟಿದ್ದು ಕುಣಿಗಲ್ ಸ್ಟಡ್ ಫಾರ್ಮಲ್ಲಿ, ಟಿಪ್ಪು ಕಾಲದಿಂದ ಕುದುರೆ ಸಾಕ್ತಾ ಬಂದಿರೋ ಜಾಗ ಅದು. ಕೆಲವು ವರ್ಷ ರೇಸ್ ಓಡಿ ಆಮೇಲೆ ನಮ್ಮ ಹತ್ರ ಬಂದ್ಲು, ಬೆಂಗಳೂರಿನ ರೈಡಿಂಗ್ ಕ್ಲಬ್‌ಗಳಲ್ಲಿ ಇಂಥ ಕುದುರೆಗಳು ತುಂಬಾ ಇವೆ. ರೇಸ್ ಕುದುರೆಗೆ ಲಗಾಮು ಬಿಗಿ ಆಯ್ತು ಅಂದ್ರೆ ಅದಕ್ಕೆ ಒರಗಿ ಇನ್ನೂ ಜೋರಾಗಿ ಓಡೋದು ಅಭ್ಯಾಸ ಆಗಿರತ್ತೆ, ಡ್ರೆಸ್ಸಾಜಲ್ಲಿ ಅದೇ ಕುದುರೆ ಕಿರುಬೆರಳು ಒಂಚೂರು ಮಡಚಿದ್ರೆ ಸಾಕು ನಿಧಾನ ಆಗ್ಬೇಕು. ನಾನು ಮೂವತ್ತಾರನೇ ವಯಸ್ಸಿಗೆ ಕುದುರೆ ಹತ್ತಿದೋಳು. ನಮ್ಮಿಬ್ರಿಗೂ ಇದು ಕೂಡಿ ಬರಕ್ಕೆ ಮೂರು ವರ್ಷ ಹಿಡೀತು.

ಆ ವಾರ ಪೂರ್ತಿ ಮಳೆ. ಹುಲ್ಲು ತರೋರು ಬರ್ಲಿಲ್ಲ, ಶೆಡ್ಡಲ್ಲಿ ಇದ್ದ ಹುಲ್ಲು ನೆಂದು ಬೂಷ್ಟು ಹಿಡಿದಿತ್ತು, ಬೇರೆ ದಾರಿ ಕಾಣ್ದೆ ಎರಡು ದಿನ ರಾಗಿ ಹುಲ್ಲು ಹಾಕಿದ್ವಿ. ಚಳಿಗೆ ಕುದುರೆಗಳು ನೀರೂ ಕಮ್ಮಿ ಕುಡೀತಿದ್ವು, ಓಡಾಟ ಅಂತೂ ಇಲ್ವೇ ಇಲ್ಲ. ಒರಟು ಒಣ ಹುಲ್ಲು, ನೀರಿಲ್ಲ, ನಿಂತಲ್ಲೇ ನಿಂತಿರೋದು, ಮೂರೂ ಸೇರಿದ್ರೆ ಕುದುರೆ ಕರುಳಲ್ಲಿ ಮೇವು ಗಟ್ಟಿ ಆಗಿ ಕೂತ್ಬಿಡತ್ತೆ, ಕಾಲಿಕ್ ಅನ್ನೋ ಹೊಟ್ಟೆನೋವಿನ ಒಂದು ಬಗೆ ಅದು. ರಾತ್ರಿ ಒಂಬತ್ತೂವರೆಗೆ ನಮ್ಮ ಸೈಸ್ ಅಣ್ಣ, ಅಂದ್ರೆ ಕುದುರೆ ನೋಡ್ಕೊಳೋರು, ಫೋನ್ ಮಾಡಿದ್ರು. "ಅಕ್ಕಾ, ಗೌರಿ ಹುರುಳಿ ಮುಟ್ಟಿಲ್ಲ. ಮಧ್ಯಾಹ್ನದಿಂದ ಲದ್ದಿನೂ ಹಾಕಿಲ್ಲ. ಹಿಂದಕ್ಕೆ ತಿರುಗಿ ತಿರುಗಿ ಹೊಟ್ಟೆ ನೋಡ್ಕೋತಾಳೆ." ಇಷ್ಟೇ ಹೇಳಿದ್ದು. ಬೇರೆ ಯಾರಾದ್ರೂ ಆಗಿದ್ರೆ ಬೆಳಗ್ಗೆ ನೋಡಣ ಅಂತ ಮಲಗಿರೋರು. ಇವ್ರು ಸಂಜೆ ಲಾಯ ಗುಡಿಸ್ವಾಗ ಯಾವ ಕುದುರೆದು ಎಷ್ಟು ಸಲ ಲದ್ದಿ ಅಂತ ಲೆಕ್ಕ ಇಟ್ಟಿರ್ತಾರೆ, ಮೂವತ್ತು ವರ್ಷದಿಂದ ಇಟ್ಕೊಂಡು ಬಂದಿದಾರೆ. ಹೆಸರು ಹಾಕ್ಬೇಡಮ್ಮ ಅಂದಿದಾರೆ, ಹಾಕಲ್ಲ. ಆದ್ರೆ ಅಣ್ಣ, ನನ್ನ ಮೊದಲ್ನೇ ನಮಸ್ಕಾರ ನಿಮಗೇ.

ನಾನು ಹೋಗೋ ಹೊತ್ತಿಗೆ ಗೌರಿ ಕತ್ತು, ಪಕ್ಕೆ ಎಲ್ಲ ಬೆವರಲ್ಲಿ ತೊಯ್ದು ಹೋಗಿತ್ತು, ಮುಂಗಾಲಲ್ಲಿ ನೆಲ ಕೆರೀತಿದ್ಲು, ಕೆಳಗೆ ಬಿದ್ದು ಹೊರಳೋಕೆ ನೋಡ್ತಿದ್ಲು. ಡಾಕ್ಟ್ರು ಆ ಮಳೆಲಿ ಹೆಬ್ಬಾಳದ ಕಡೆಯಿಂದ ಬಂದ್ರು. ಆರಾಮಾಗಿರೋ ಕುದುರೆ ಎದೆ ನಿಮಿಷಕ್ಕೆ 28ರಿಂದ 44 ಸಲ ಬಡ್ಕೊಳತ್ತೆ, ಗೌರಿದು 64 ಇತ್ತು. ಭುಜದ ತನಕ ಗ್ಲೌಸ್ ಹಾಕ್ಕೊಂಡು ಒಳಗೆ ಕೈ ಹಾಕಿ ನೋಡಿ, ದೊಡ್ಡ ಕರುಳು ತಿರುವೋ ಜಾಗದಲ್ಲಿ ಗಟ್ಟಿ ಆಗಿದೆ ಅಂದ್ರು. ಕುದುರೆಗೆ ವಾಂತಿ ಮಾಡೋಕೆ ಆಗಲ್ಲ, ಒಳಗೆ ಹೋಗಿದ್ದು ಮುಂದಕ್ಕೇ ಹೋಗ್ಬೇಕು, ಅದಕ್ಕೇ ಇಷ್ಟು ಭಯ. ನೋವಿಗೆ ಇಂಜೆಕ್ಷನ್ ಕೊಟ್ಟು, ಮೂಗಿಂದ ಹೊಟ್ಟೆಗೆ ಉದ್ದ ಪೈಪ್ ಇಳಿಸಿ, ನೀರು, ಪ್ಯಾರಾಫಿನ್ ಎಣ್ಣೆ ಬಿಟ್ರು. ಡಾಕ್ಟ್ರೇ, ನೀವು ಪೈಪ್ ಇಳಿಸ್ವಾಗ ಗೌರಿ ಕಿವಿ ಹತ್ರ ಮಾತಾಡ್ತಾನೇ ಇದ್ರಲ್ಲ, ಆ ದನಿ ಕೇಳಿ ನಂಗೂ ಕೈ ನಡುಗೋದು ನಿಂತಿತ್ತು. ಥ್ಯಾಂಕ್ಸ್ ಅನ್ನೋದು ಸಣ್ಣ ಮಾತು.

ಆಮೇಲೆ ಕಾಯೋದೇ ಕೆಲ್ಸ. ಹೊರಳಕ್ಕೆ ಹೋದಾಗೆಲ್ಲ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸೋದು, ನಿಲ್ಲಿಸೋದು, ಹೊಟ್ಟೆಗೆ ಕಿವಿ ಇಟ್ಟು ಗುಡುಗುಡು ಕೇಳತ್ತಾ ಅಂತ ನೋಡೋದು. ಹೊಸದಾಗಿ ಸೇರಿರೋ ರಾಜಸ್ಥಾನದ ಹುಡುಗಂಗೆ ಕನ್ನಡ ಬರೋದು ಮೂರೇ ಮಾತು, ನಡಿ, ಆಯ್ತು, ಬಾ. ಆ ಮೂರನ್ನೇ ಇಟ್ಕೊಂಡು ಗೌರಿನ ರಾತ್ರಿಯೆಲ್ಲ ಸಮಾಧಾನ ಮಾಡ್ದ. "ನಡಿ ಗೌರಿ ನಡಿ. ಆಯ್ತು ಆಯ್ತು." ತನ್ನ ಕಂಬಳಿ ತೆಗ್ದು ಅವಳ ಬೆನ್ನಿಗೆ ಹಾಕಿ ತಾನು ಒದ್ದೆ ಬನಿಯನ್ನಲ್ಲೇ ಇದ್ದ. ಕೋಚ್ ಸರ್ ಜ್ವರ ಇಟ್ಕೊಂಡೇ ಬಂದು ಲ್ಯಾಂಪ್ ಹಿಡ್ಕೊಂಡು ನಿಂತಿದ್ರು. ಕಾಲೇಜ್ ಹುಡುಗ್ರು ಇಬ್ರು ಸಲೈನ್ ಬಾಟಲಿಗೆ ಬೈಕಲ್ಲಿ ಎರಡು ಸಲ ಹೋಗಿ ಬಂದ್ರು.

ನಾಲ್ಕೂ ಮುಕ್ಕಾಲಿಗೆ ಗೌರಿ ಬಾಲ ಎತ್ತಿದ್ಲು. ಸಣ್ಣದು, ಎಣ್ಣೆ ಹತ್ತಿ ಹೊಳೀತಿದ್ದ ನಾಲ್ಕು ಉಂಡೆ. ಸೈಸ್ ಅಣ್ಣ ಬಗ್ಗಿ ಅದನ್ನ ಕೈಯಲ್ಲೇ ಎತ್ಕೊಂಡು ಮುರಿದು ನೋಡಿ, ಮೇಲೆ ನೋಡಿದ್ರು, ಕಣ್ಣಲ್ಲಿ ನೀರು. ಆ ಹುಡುಗ "ಆಯ್ತು, ಆಯ್ತು" ಅಂತ ಕೂಗ್ತಾ ಲಾಯದ ಆ ತುದಿ ತನಕ ಓಡ್ದ. ನಾನು ಗೌರಿ ಕತ್ತು ತಬ್ಕೊಂಡು ಅತ್ತೆ.

ಏಳು ಗಂಟೆಗೆ ನಮ್ಮತ್ತೆ ಆಟೋದಲ್ಲಿ ಚಿತ್ರಾನ್ನದ ಡಬ್ಬಿ, ಫ್ಲಾಸ್ಕಲ್ಲಿ ಕಾಫಿ ತಗೊಂಡು ಬಂದಿದ್ರು. ಅತ್ತೆ, ಈ ವಯಸ್ಸಲ್ಲಿ ಇದೆಲ್ಲ ಬೇಕಾ ಅಂತ ನೀವು ಒಂದು ದಿನಾನೂ ಕೇಳ್ಲಿಲ್ಲ. ಪಕ್ಕದ ತೋಟದ ಗೌಡ್ರು ಆಮೇಲೆ ಒಂದು ತಿಂಗಳು ತಮ್ಮ ಹೊಲದ ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಅನ್ನೋ ಹಸಿ ಮೇವು) ಕೊಯ್ಕೊಳಕ್ಕೆ ಬಿಟ್ರು, ದುಡ್ಡು ಕೊಡೋಕೆ ಹೋದ್ರೆ ಕೈ ಹಿಂದಕ್ಕೆ ಕಟ್ಕೊಂಡ್ರು. ಗೌರಿ ಚಿಕಿತ್ಸೆ ಬಿಲ್ ಹಂಚ್ಕೊಂಡ ಕ್ಲಬ್ಬಿನ ಮಕ್ಕಳ ಅಪ್ಪ ಅಮ್ಮಂದ್ರಿಗೂ, ಲಾಳ ಕಟ್ಟೋ ಅಣ್ಣಂಗೂ, ಅವತ್ತು ಕೇಳಿದ ತಕ್ಷಣ ರಜ ಕೊಟ್ಟ ನಮ್ಮ ಮ್ಯಾನೇಜರ್ ಮೇಡಂಗೂ ನಾನು ಋಣಿ.

ಇನ್ನು ಡ್ರೆಸ್ಸಾಜ್ ಅಂದ್ರೇನು ಅಂತ ನಮ್ಮ ನೆಂಟ್ರು ಕೇಳೋದು 2023ರ ಸೆಪ್ಟೆಂಬರಿಂದ ಕಮ್ಮಿ ಆಗಿದೆ. ಹಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ, ಅನುಷ್ ಅಗರ್‌ವಾಲಾ ಟೀಮ್ ಗೋಲ್ಡ್ ತಂದ್ರಲ್ಲ, ಕುದುರೆ ಸವಾರಿಲಿ 41 ವರ್ಷ ಆದ್ಮೇಲೆ ನಮ್ಮ ದೇಶಕ್ಕೆ ಬಂದ ಚಿನ್ನ ಅದು. ಅದಕ್ಕೂ ಮುಂಚೆ ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸಲ್ಲಿ ಇವೆಂಟಿಂಗಲ್ಲಿ, ಅಂದ್ರೆ ಡ್ರೆಸ್ಸಾಜ್, ಕ್ರಾಸ್ ಕಂಟ್ರಿ, ಜಂಪಿಂಗ್ ಮೂರೂ ಸೇರಿರೋ ಸ್ಪರ್ಧೆಲಿ, ಎರಡು ಬೆಳ್ಳಿ ತಂದಿದ್ರು, ಒಂದು ಅವರದ್ದೇ, ಇನ್ನೊಂದು ಟೀಮ್ ಜೊತೆ. ಅವರ ವಿಡಿಯೋ ನೋಡ್ವಾಗೆಲ್ಲ ಸೈಸ್ ಅಣ್ಣ ಮೊದ್ಲು ಕೇಳೋದು ಒಂದೇ, "ಆ ಕುದುರೆ ನೋಡ್ಕೊಳೋರು ಯಾರಕ್ಕ?"

ಭಾನುವಾರ ನನ್ನ ಮಗಳು ಅರೀನಾ ಪಕ್ಕ ನಿಂತು ಟೆಸ್ಟ್ ಜೋರಾಗಿ ಓದಿದ್ಲು, ಎಲ್ಲಿ ತಿರುಗ್ಬೇಕು, ಎಲ್ಲಿ ಟ್ರಾಟ್ (ಮೆಲ್ಲನೆ ಓಟ), ಎಲ್ಲಿ ವಾಕ್ (ನಡಿಗೆ) ಅಂತ, ಒಂದಕ್ಷರ ತಪ್ಪದ ಹಾಗೆ. ಥ್ಯಾಂಕ್ಯೂ ಪುಟ್ಟಿ. ಅರೀನಾ ನಟ್ಟನಡುವೆ ಎಕ್ಸ್ ಅನ್ನೋ ಜಾಗದಲ್ಲಿ ನಿಲ್ಲಿಸಿದ್ದು ಸೊಟ್ಟ ಆಗಿ ಹತ್ತಕ್ಕೆ ಐದು. ಆದ್ರೆ ಫ್ರೀ ವಾಕ್ ಬಂದಾಗ ನಾನು ಲಗಾಮು ಉದ್ದ ಬಿಟ್ಟೆ, ಗೌರಿ ಕತ್ತು ಕೆಳಗಿಳಿಸಿ, ಮೂಗು ಮುಂದೆ ಚಾಚಿ, ಬೆನ್ನು ಸಡಿಲ ಮಾಡ್ಕೊಂಡು, ನಮ್ಮ ಲಾಯದಿಂದ ಹೊಲದ ಕಡೆ ಹೋಗ್ತಾಳಲ್ಲ ಹಂಗೇ ನಡೆದ್ಲು. ಜುಲೈಲಿ ಇದೇ ಕುದುರೆಗೆ ನೆಟ್ಟಗೆ ನಾಲ್ಕು ಹೆಜ್ಜೆ ಇಡಕ್ಕೆ ಆಗ್ತಿರ್ಲಿಲ್ಲ. ಅದಕ್ಕೆ ಏಳೂವರೆ ಹಾಕಿ, ಪಕ್ಕದಲ್ಲಿ ಜಡ್ಜ್ ಎರಡೇ ಪದ ಬರೆದಿದಾರೆ, ನೆಮ್ಮದಿಯ ಕುದುರೆ ಅಂತ.

ಹೊರಗೆ ಬಂದಾಗ ಸೈಸ್ ಅಣ್ಣ ಮಾರ್ಕ್ಸ್ ಶೀಟ್ ನೋಡ್ಲಿಲ್ಲ, ಜೀನಿನ ಪಟ್ಟಿ ಸಡಿಲ ಮಾಡಿ, ನಾಲ್ಕೂ ಗೊರಸು ಎತ್ತಿ ನೋಡಿ, ಬಕೆಟ್ ನೀರಿಟ್ಟು, ಅವಳು ಪೂರ್ತಿ ಕುಡಿಯೋ ತನಕ ಅಲ್ಲೇ ನಿಂತಿದ್ರು. ನಿಮಗೇನ್ ಕೊಡ್ಲಿ ಅಣ್ಣ ಅಂತ ಕೇಳ್ದೆ. "ಮುಂದಿನ ಮಳೆ ಒಳಗೆ ಹುಲ್ಲಿನ ಶೆಡ್ಡಿಗೆ ಗಟ್ಟಿ ಟಾರ್ಪಾಲ್ ಹಾಕ್ಸಿ ಅಕ್ಕ, ಕೆಳಗೆ ನಾಲ್ಕು ಹಲಗೆನೂ ಬೇಕು, ಹುಲ್ಲು ನೆಲಕ್ಕೆ ತಾಗ್ಬಾರ್ದು" ಅಂದ್ರು.

ಟಾರ್ಪಾಲ್ ತಂದಾಯ್ತು. ಈ ಶನಿವಾರ ಬೆಳಗ್ಗೆ ಏಳಕ್ಕೆ ಕಟ್ತೀವಿ, ಬಿಡುವಿದ್ದೋರು ಬನ್ನಿ, ಹಲಗೆ ಇದ್ರೆ ತನ್ನಿ. ತಿಂಡಿ ಅತ್ತೆ ಮಾಡ್ತಾರಂತೆ.