ಮೂತಿ ನೋಡಿ ಪೆನ್ಸಿಲ್ ತಗೋ

ಪ್ರೀತಿಯ ಪುಟ್ಟಿ,

ಡ್ರಾಯಿಂಗ್ ಶೀಟಿಗೆ ಅಂತ ನಿನ್ನೆ ರಾತ್ರಿ ನೀನು ಕಳಿಸಿದ ಮೂರು ಮೆಕ್ಯಾನಿಕಲ್ ಪೆನ್ಸಿಲ್‌ಗಳ, ಅದೇ ಗುಂಡಿ ಒತ್ತಿದರೆ ಲೆಡ್ ಬರುವವುಗಳ, ಫೋಟೋ ನೋಡಿದೆ. "ಯಾವುದು ತಗೊಳ್ಳಲಿ, ಬೇಗ ಹೇಳಮ್ಮ" ಅಂತ ಕೇಳಿದ್ದೆ. ಫೋನಿನಲ್ಲೇ ಒಂದು ಹೆಸರು ಹೇಳಿಬಿಡಬಹುದಿತ್ತು. ಮನಸ್ಸು ಬರಲಿಲ್ಲ. ಐಟಿಐ ಮುಗಿಸಿದ ದಿನದಿಂದ ಆಫೀಸಿಗೆ ಕಂಪ್ಯೂಟರ್ ಬರುವವರೆಗೆ, ಹದಿನಾಲ್ಕು ವರ್ಷ ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತವಳು ನಾನು. ನನ್ನ ಕೆಲಸದ ಬಗ್ಗೆ ನೀನು ಏನಾದರೂ ಕೇಳಿದ್ದು ಇದೇ ಮೊದಲು. ಅದಕ್ಕೇ ಊಟ ಮುಗಿಸಿ ಬರೆಯಲು ಕೂತೆ.

ನಿನ್ನ ಸೀನಿಯರ್ ರೋಟ್ರಿಂಗ್ 600 ತಗೋ ಅಂದಿದ್ದಾಳೆ. ನಿನಗೂ ಅದರ ಮೇಲೇ ಕಣ್ಣು, ಫೋಟೋದಲ್ಲಿ ಅದನ್ನೇ ಮುಂದೆ ಇಟ್ಟಿದ್ದೀಯ. ಪೆಂಟೆಲ್ ಪಿ205 ಅನ್ನು ಕೊನೆಗೆ ಇಟ್ಟಿದ್ದೀಯ. ನೋಡಲು ಸಾದಾ, ಪ್ಲಾಸ್ಟಿಕ್, ಬೆಲೆಯೂ ಕಡಿಮೆ. ನಾನು ಹೇಳುವುದು ಆ ಕೊನೆಯದನ್ನೇ. ಯಾಕೆ ಅಂತ ಹೇಳುತ್ತೇನೆ, ಓದಿದ ಮೇಲೆ ನೀನೇ ತೀರ್ಮಾನ ಮಾಡು.

ಮೊದಲು ಮೂತಿ ನೋಡು. ಬಣ್ಣ, ಬೆಲೆ, ಹೆಸರು ಎಲ್ಲ ಆಮೇಲೆ. ಬರೆಯುವ ಪೆನ್ಸಿಲ್ ಬೇರೆ, ಗೆರೆ ಎಳೆಯುವ ಪೆನ್ಸಿಲ್ ಬೇರೆ. ಗೆರೆ ಎಳೆಯುವುದರಲ್ಲಿ ಲೆಡ್ ಹೊರಬರುವ ಕಡೆ ಸಣ್ಣ ಲೋಹದ ನಳಿಗೆ ಇರುತ್ತದೆ. ಸೂಜಿಯ ಹಾಗೆ ನೇರ, ಸುಮಾರು 4 ಮಿ.ಮೀ. ಉದ್ದ. ಸೆಟ್ ಸ್ಕ್ವೇರ್ ಇಟ್ಟು ಗೆರೆ ಎಳೆಯುವಾಗ ಈ ನಳಿಗೆ ಅಂಚಿಗೆ ಒರಗಿಕೊಂಡು ಹೋಗುತ್ತದೆ. ಲೆಡ್ ಅದರ ಕೆಳಗೆ, ಅಂಚಿನ ಪಕ್ಕದಲ್ಲೇ ಓಡುತ್ತದೆ. ಮಾಮೂಲಿ ಪೆನ್ಸಿಲ್‌ನ ಮೂತಿ ಇಳಿಜಾರಾಗಿ ಗಿಡ್ಡಗೆ ಇರುತ್ತದೆ. ಆ ಇಳಿಜಾರು ಸೆಟ್ ಸ್ಕ್ವೇರಿನ ದಪ್ಪಕ್ಕೆ ತಾಗಿ ಲೆಡ್ ಅಂಚಿನಿಂದ ದೂರ ನಿಲ್ಲುತ್ತದೆ. ಕೈ ಚೂರು ವಾಲಿದರೆ ಆ ದೂರವೂ ಬದಲಾಗುತ್ತದೆ. ಗೆರೆ ನೋಡಲು ನೇರವಾಗಿಯೇ ಇರುತ್ತದೆ, ಆದರೆ ಮೂಲೆಯಲ್ಲಿ ಇನ್ನೊಂದು ಗೆರೆಗೆ ಕೂಡುವುದಿಲ್ಲ. ಅರ್ಧ ಮಿಲಿಮೀಟರ್ ತಾನೆ ಅನ್ನಬೇಡ. 1:100 ಸ್ಕೇಲಿನಲ್ಲಿ ಅದು ಗೋಡೆಯಲ್ಲಿ 5 ಸೆಂಟಿಮೀಟರ್.

ನೀನು ಕಳಿಸಿದ ಮೂರರಲ್ಲಿ ರೋಟ್ರಿಂಗ್ 600ಕ್ಕೂ ಪಿ205ಕ್ಕೂ ಈ ನಳಿಗೆ ಇದೆ. ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ ಉದ್ದ. ಅಂದರೆ ಕಾಗದದ ಮೇಲೆ ಬೀಳುವ ಗೆರೆಯ ಮಟ್ಟಿಗೆ ಎರಡೂ ಹತ್ತಿರ ಹತ್ತಿರ ಒಂದೇ. ವ್ಯತ್ಯಾಸ ಇರುವುದು ನಿನ್ನ ಕೈಯಲ್ಲಿ.

ಮೂರನೆಯದು ಯೂನಿ ಕುರು ಟೋಗಾ. 2008ರಲ್ಲಿ ಬಂದದ್ದು, ಜಾಣತನದ ವಸ್ತು. ಪೆನ್ಸಿಲ್ ಕಾಗದಕ್ಕೆ ಒತ್ತಿ ಎತ್ತಿದಾಗಲೆಲ್ಲ ಒಳಗಿನ ಹಲ್ಲುಚಕ್ರ ಲೆಡ್ ಅನ್ನು ಚೂರು ತಿರುಗಿಸುತ್ತದೆ. ಹಾಗಾಗಿ ಮೊನೆ ಒಂದೇ ಕಡೆ ಸವೆಯುವುದಿಲ್ಲ. ಅಕ್ಷರ ಬರೆಯಲು ಬಲು ಚೆನ್ನ, ಯಾಕೆಂದರೆ ಅಕ್ಷರಕ್ಕೆ ಕೈ ಎತ್ತಿ ಎತ್ತಿ ಇಡುತ್ತೇವೆ. ಆದರೆ ಒಂದಡಿ ಉದ್ದದ ಗೆರೆ ಎಳೆಯುವಾಗ ನೀನು ಎಲ್ಲಿ ಎತ್ತುತ್ತೀಯ? ಮಧ್ಯೆ ಅದು ತಿರುಗುವುದೇ ಇಲ್ಲ. ಒತ್ತಿದಾಗ ಲೆಡ್ ಒಂದಿಷ್ಟು ಒಳಗೆ ಹೊರಗೆ ಆಡುತ್ತದೆ ಕೂಡ. ಕ್ಲಾಸಿನ ನೋಟ್ಸಿಗೆ ಇರಲಿ, ಶೀಟಿಗೆ ಬೇಡ. ಶೀಟಿನಲ್ಲಿ ಆ ತಿರುಗಿಸುವ ಕೆಲಸ ನಿನ್ನ ಹೆಬ್ಬೆರಳಿನದು. ಗೆರೆ ಎಳೆಯುತ್ತಾ ಪೆನ್ಸಿಲ್ ಅನ್ನು ಬೆರಳುಗಳ ನಡುವೆ ನಿಧಾನ ಹೊರಳಿಸಬೇಕು. ಶುರುವಿನಲ್ಲಿ ಕಷ್ಟ. ಒಂದು ತಿಂಗಳಲ್ಲಿ ಕೈ ತಾನೇ ಮಾಡುತ್ತದೆ.

ಈಗ ನಿನ್ನ ಕೈ. ನಿನ್ನ ನಡುಬೆರಳಿನಲ್ಲಿ ಒಂದು ಗಂಟು ಇದೆಯಲ್ಲ, ಮೂರನೇ ಕ್ಲಾಸಿನಿಂದ ಇದೆ. ನೀನು ಒತ್ತಿ ಬರೆಯುವವಳು. ನಿನ್ನ ನೋಟ್‌ಬುಕ್ಕಿನ ಹಾಳೆಯ ಹಿಂಬದಿ ಮುಟ್ಟಿದರೆ ಅಕ್ಷರ ಬೆರಳಿಗೆ ಸಿಗುತ್ತಿತ್ತು. ಪರೀಕ್ಷೆ ದಿನಗಳಲ್ಲಿ ಅಂಗೈ ಬೆವರಿ ಕಾಗದ ಒದ್ದೆಯಾಗುತ್ತಿತ್ತು. ಇಂಥ ಕೈಗೆ ಭಾರದ ಪೆನ್ಸಿಲ್ ಕೊಟ್ಟರೆ ಏನಾಗುತ್ತೆ ಅಂತ ನನಗೆ ಗೊತ್ತು. ರೋಟ್ರಿಂಗ್ 600 ಪೂರ್ತಿ ಲೋಹ, ಸುಮಾರು 22 ಗ್ರಾಂ ತೂಗುತ್ತದೆ. ಪಿ205 ಅದರ ಅರ್ಧಕ್ಕಿಂತ ಹಗುರ. ಅಂಗಡಿಯಲ್ಲಿ ಎರಡು ನಿಮಿಷ ಹಿಡಿದರೆ ಭಾರದ್ದು ಹಿತವಾಗಿಯೇ ಇರುತ್ತದೆ, ಕೈಗೆ ಏನೋ ಸಿಕ್ಕಿತು ಅನ್ನಿಸುತ್ತದೆ. ಸಬ್ಮಿಷನ್ ಹಿಂದಿನ ರಾತ್ರಿ ಆರು ಗಂಟೆ ಹಿಡಿದಾಗ ಮಣಿಕಟ್ಟು ಬೇರೆ ಮಾತು ಹೇಳುತ್ತದೆ. ಅದರ ಹಿಡಿಕೆಯ ಒರಟು ಗೀರುಗಳು ಬೆವರಿದ ಬೆರಳು ಜಾರದಂತೆ ತಡೆಯುತ್ತವೆ, ನಿಜ. ಆದರೆ ಒತ್ತಿ ಹಿಡಿಯುವವರ ಬೆರಳನ್ನು ಕಚ್ಚುತ್ತವೆ.

ರೋಟ್ರಿಂಗ್ ಕೆಟ್ಟದ್ದು ಅಂತ ಖಂಡಿತ ಹೇಳುತ್ತಿಲ್ಲ. ಆ ಹೆಸರಿನ ಅರ್ಥ ಜರ್ಮನ್ ಭಾಷೆಯಲ್ಲಿ ಕೆಂಪು ಉಂಗುರ. ನಮ್ಮ ಆಫೀಸಿನಲ್ಲಿ ಟ್ರೇಸಿಂಗ್ ಪೇಪರ್ ಮೇಲೆ ಇಂಕ್ ಮಾಡುವ ಪೆನ್ನುಗಳೆಲ್ಲ ಆ ಕೆಂಪು ಉಂಗುರದವೇ. ಹೊಸಬರಿಗೆ ಅದನ್ನು ಕೈಗೆ ಕೊಡುತ್ತಿರಲಿಲ್ಲ. ನನ್ನ ಕೈಗೆ ಮೊದಲ ಸಲ ಬಂದ ದಿನ ಮನೆಗೆ ಬಂದು ನಿನ್ನಜ್ಜಿಗೆ ಹೇಳಿದ್ದೆ. ಕಂಪನಿ 1928ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಶುರುವಾದದ್ದು. ಈಗ 600 ಪೆನ್ಸಿಲ್ ತಯಾರಾಗುವುದು ಜಪಾನಿನಲ್ಲಿ. ಆರು ಮೂಲೆಯ ಮೈ, ಇಳಿಜಾರು ಬೋರ್ಡಿನ ಮೇಲೂ ಉರುಳುವುದಿಲ್ಲ. ಮೂತಿ ಕೆಳಗಾಗಿ ಬಿದ್ದರೆ ಮಾತ್ರ ಆ ಭಾರವೇ ಅದಕ್ಕೆ ಶತ್ರು. ನಳಿಗೆ ಬಗ್ಗಿತು ಅಂದರೆ ಅಲ್ಲಿಗೆ ಮುಗಿಯಿತು. ಒಂದೆರಡು ವರ್ಷ ಕಳೆಯಲಿ, ಕೈಯ ಒತ್ತು ಇಳಿಯಲಿ. ಆಗಲೂ ಬೇಕು ಅನ್ನಿಸಿದರೆ ನಾನೇ ಕೊಡಿಸುತ್ತೇನೆ.

ಲೋಹದ್ದೇ ಬೇಕು, ಅಷ್ಟು ಭಾರ ಬೇಡ ಅಂದರೆ ಸ್ಟೆಡ್ಲರ್ 925 25 ಅಂತ ಬೆಳ್ಳಿ ಬಣ್ಣದ್ದು ಒಂದಿದೆ. ಅದಕ್ಕೂ ನಳಿಗೆ ಉದ್ದ. ಯಾವ ಲೆಡ್ ಹಾಕಿದ್ದೇವೆ ಅಂತ ತಿರುಗಿಸಿ ಗುರುತು ಇಡುವ ಬಳೆಯೂ ಇದೆ. ಸಿಕ್ಕರೆ ಹಿಡಿದು ನೋಡು.

ರೋಟ್ರಿಂಗ್‌ಗೆ ಎತ್ತಿಟ್ಟ ದುಡ್ಡಿನಲ್ಲಿ ಪೆಂಟೆಲ್‌ನ ಎರಡು ಪೆನ್ಸಿಲ್ ತಗೋ. 0.5 ಮಿ.ಮೀ. ದಪ್ಪದ ಲೆಡ್‌ನದ್ದು ಕಪ್ಪು ಮೈ, ಅದೇ ಪಿ205. 0.7ರದ್ದು ನೀಲಿ, ಪಿ207. ಬಣ್ಣ ಬೇರೆ ಇರುವುದರಿಂದ ನಿದ್ದೆಗಣ್ಣಿನಲ್ಲೂ ಅದಲುಬದಲು ಆಗುವುದಿಲ್ಲ. ಕಿಟಕಿ, ಬಾಗಿಲು, ಎದುರು ಕಾಣುವ ಅಂಚುಗಳಿಗೆ 0.5. ಸೆಕ್ಷನ್‌ನಲ್ಲಿ, ಅಂದರೆ ಕಟ್ಟಡವನ್ನು ಕುಯ್ದು ಒಳಗು ತೋರಿಸುವ ಚಿತ್ರದಲ್ಲಿ, ಕತ್ತರಿಸಿದ ಗೋಡೆ, ಸ್ಲ್ಯಾಬ್‌ಗೆ 0.7. ಕಂದು ಬಣ್ಣದ 0.3 ಕೂಡ ಬರುತ್ತದೆ, ಅಳತೆ ಗೆರೆಗಳಿಗೆ ಚೆಂದ. ಈಗ ಬೇಡ. ನಿನ್ನ ಒತ್ತಿಗೆ ಪಟಪಟ ಮುರಿದು ಅಳು ಬರುತ್ತದೆ.

ದಪ್ಪದ ಬಗ್ಗೆ ನನಗೆ ತುಂಬಾ ಇಷ್ಟವಾದ ಒಂದು ಲೆಕ್ಕ ಇದೆ. ಡ್ರಾಯಿಂಗ್‌ನಲ್ಲಿ ಗೆರೆಯ ದಪ್ಪಗಳು 0.25, 0.35, 0.5, 0.7 ಹೀಗೆ ಹೋಗುತ್ತವೆ. ಪ್ರತಿಯೊಂದೂ ಹಿಂದಿನದರ ಸುಮಾರು 1.4 ಪಟ್ಟು. ಎ2 ಹಾಳೆಯಿಂದ ಎ1 ಹಾಳೆಗೆ ಹೋದಾಗ ಉದ್ದ ಅಗಲ ಬೆಳೆಯುವುದೂ ಅಷ್ಟೇ ಪಟ್ಟು. ಹಾಗಾಗಿ ಎ1 ಶೀಟನ್ನು ಎ2ಕ್ಕೆ ಇಳಿಸಿ ಝೆರಾಕ್ಸ್ ಮಾಡಿದರೆ 0.7ರ ಗೆರೆ ಸರಿಯಾಗಿ 0.5 ಆಗುತ್ತದೆ. ತಿದ್ದಬೇಕಾದರೆ ಕೈಯಲ್ಲಿ ಅದಕ್ಕೆ ಹೊಂದುವ ಪೆನ್ಸಿಲ್ ಇದ್ದೇ ಇರುತ್ತದೆ. ಯಾರೋ ಎಷ್ಟು ಮುಂದಾಲೋಚನೆ ಮಾಡಿದ್ದಾರೆ ನೋಡು.

ಇನ್ನು ಲೆಡ್. ಎಷ್ಟು ಒಳ್ಳೆಯ ಪೆನ್ಸಿಲ್ ಆದರೂ ಒಳಗಿನ ಲೆಡ್ ಸರಿ ಇಲ್ಲದಿದ್ದರೆ ವ್ಯರ್ಥ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಕೆಲಸಕ್ಕೆ ಸೇರಿದ ಮೊದಲ ವರ್ಷ. ಶೀಟ್ ಕೊಳೆಯಾಗಬಾರದು ಅಂತ ಒಂದು ಮನೆಯ ಪ್ಲಾನ್ ಪೂರ್ತಿ 2ಎಚ್‌ನಲ್ಲೇ, ಅಂದರೆ ತೆಳು ಬೂದು ಗೆರೆ ಬೀಳುವ ಗಟ್ಟಿ ಲೆಡ್‌ನಲ್ಲೇ ಮಾಡಿದೆ. ಟ್ರೇಸಿಂಗ್ ಮೇಲೆ ಕನ್ನಡಿಯಂತೆ ಸ್ವಚ್ಛ. ಎಲ್ಲರೂ ಹೊಗಳಿದರು. ಆಮೇಲೆ ಅಮೋನಿಯಾ ಪ್ರಿಂಟ್, ಅಂದರೆ ಸೈಟಿಗೆ ಕೊಡುವ ನಕಲು, ತೆಗೆದರು. ಆ ಪ್ರಿಂಟ್‌ನಲ್ಲಿ ಬೆಳಕು ಟ್ರೇಸಿಂಗ್ ದಾಟಿ ಹೋಗುತ್ತದೆ, ಗೆರೆ ಕಪ್ಪಾಗಿದ್ದು ಬೆಳಕು ತಡೆದರೆ ಮಾತ್ರ ಮೂಡುತ್ತದೆ. ನನ್ನ ಬೂದು ಗೆರೆಗಳು ಅರ್ಧಕ್ಕರ್ಧ ಮಾಯ. ಮಾರನೇ ದಿನ ಸೈಟಿಗೆ ಹೋಗಬೇಕಿದ್ದ ಪ್ಲಾನ್ ಅದು. ಎರಡು ರಾತ್ರಿ ಕೂತು ಮತ್ತೆ ಎಳೆದೆ. ಮೇಸ್ತ್ರಿ ಕಾಯುತ್ತಿದ್ದಾನೆ ಅನ್ನುವುದೇ ತಲೆಯಲ್ಲಿ.

ನಿನಗೆ ಅಮೋನಿಯಾ ಪ್ರಿಂಟ್ ಕಾಟ ಇಲ್ಲ, ಸ್ಕ್ಯಾನ್ ಮಾಡುತ್ತೀರಿ. ಆದರೂ ತೀರ ತೆಳು ಬೂದು ಗೆರೆ ಸ್ಕ್ಯಾನ್‌ನಲ್ಲೂ ಕೈಕೊಡುತ್ತದೆ. ಮೊದಲು ಹಾಕಿಕೊಳ್ಳುವ ತೆಳು ಗುರುತಿನ ಗೆರೆಗಳಿಗೆ 2ಎಚ್, ಮುಖ್ಯ ಗೆರೆಗೆ ಅದಕ್ಕಿಂತ ಮೆತ್ತಗಿನ ಎಚ್, ಅಕ್ಷರಕ್ಕೆ ಇನ್ನೂ ಕಪ್ಪಾದ ಎಚ್‌ಬಿ. ಕತ್ತರಿಸಿದ ಗೋಡೆಗೂ ಎಚ್‌ಬಿ. ಎಲ್ಲವನ್ನೂ ಒಂದೇ ಕಂಪನಿಯದು ತಗೋ. ಒಬ್ಬರ ಎಚ್ ಇನ್ನೊಬ್ಬರ ಎಚ್‌ಬಿಯಷ್ಟು ಕಪ್ಪಾಗಿರುವುದು ಉಂಟು. ಹಾಗಂತ ಅಗ್ಗದ ಲೆಡ್ ಬೇಡ. ಮೊದಲೆಲ್ಲ ಗ್ರಾಫೈಟ್‌ಗೆ ಜೇಡಿಮಣ್ಣು ಕಲಸಿ ಸುಟ್ಟು ಲೆಡ್ ಮಾಡುತ್ತಿದ್ದರು. ಅರ್ಧ ಮಿಲಿಮೀಟರಿನಷ್ಟು ಸಣ್ಣಗೆ ಮಾಡಿದರೆ ಅದು ತಾಳುತ್ತಿರಲಿಲ್ಲ. 1960ರಲ್ಲಿ ಪೆಂಟೆಲ್‌ನವರು ಮಣ್ಣಿನ ಬದಲು ಪಾಲಿಮರ್ ಬಳಸಿ ಲೆಡ್ ತಂದರು. ನಿನ್ನ 0.5 ಮುರಿಯದೆ ನಿಲ್ಲುವುದು ಅದರಿಂದ.

ಪಿ205ಕ್ಕೆ ಲೆಡ್ ಗುರುತಿನ ಬಳೆ ಇಲ್ಲ. ಕ್ಲಿಪ್ಪಿನ ಹತ್ತಿರ ಉಗುರುಬಣ್ಣದ ಒಂದು ಚುಕ್ಕೆ ಇಡು, ಸಾಕು.

ಅಂಗಡಿಯಲ್ಲಿ ಮುಜುಗರ ಪಡಬೇಡ. ಒಂದು ಸೆಟ್ ಸ್ಕ್ವೇರ್ ಜೊತೆಗೇ ತಗೊಂಡು ಹೋಗು. ಗುಂಡಿ ಹತ್ತು ಸಲ ಒತ್ತಿ ನೋಡು, ಪ್ರತಿ ಸಲವೂ ಲೆಡ್ ಒಂದೇ ಸಮ ಹೊರಬರಬೇಕು. ಆಮೇಲೆ ಲೆಡ್ ಅನ್ನು ಮಾಮೂಲಿ ಉದ್ದಕ್ಕೆ ತಂದು ಕಾಗದಕ್ಕೆ ನೇರವಾಗಿ ಒತ್ತು. ಒಳಗೆ ಜಾರಿದರೆ ಹಿಡಿತ ಸಡಿಲ, ವಾಪಸ್ ಇಡು. ಮೂತಿಯೊಳಗೆ ಲೆಡ್ ಅತ್ತಿತ್ತ ಅಲ್ಲಾಡುತ್ತಾ ಅಂತಲೂ ಬೆರಳಿನಿಂದ ಮುಟ್ಟಿ ನೋಡು. ಅಂಗಡಿಯವರು ಗೊಣಗಿದರೆ ಗೊಣಗಲಿ. ಬೆಂಗಳೂರಿಗೆ ಹೋಗುವುದಿದ್ದರೆ ಅವೆನ್ಯೂ ರಸ್ತೆಯಲ್ಲಿ ಸುತ್ತು, ಹತ್ತು ಅಂಗಡಿ ನೋಡಬಹುದು.

ತಂದ ಮೇಲೆ ಆ ಬಟ್ಟೆ ಪೌಚಿನಲ್ಲಿ ಹಾಕಬೇಡ. ನಳಿಗೆ ಬಟ್ಟೆ ತೂತು ಮಾಡುತ್ತದೆ, ತಾನೂ ಬಗ್ಗುತ್ತದೆ. ನಿನ್ನ ಹಳೆಯ ಕಂಪಾಸ್ ಬಾಕ್ಸ್ ಇಲ್ಲೇ ಇದೆ, ಕಳಿಸುತ್ತೇನೆ.

ಅದರ ಜೊತೆ ನನ್ನ ಕ್ಲಚ್ ಪೆನ್ಸಿಲನ್ನೂ ಇಟ್ಟಿದ್ದೇನೆ. ಸ್ಟೆಡ್ಲರ್ ಮಾರ್ಸ್ ಟೆಕ್ನಿಕೋ, ನೀಲಿ ಬಣ್ಣ. ಚಿಕ್ಕವಳಿದ್ದಾಗ ನೀನು ಮುಟ್ಟಲು ಬಂದರೆ ಗದರುತ್ತಿದ್ದೆನಲ್ಲ, ಅದೇ. ಅದಕ್ಕೆ 2 ಮಿ.ಮೀ. ಲೆಡ್. ಮೇಲಿನ ಗುಂಡಿ ಕಿತ್ತರೆ ಅದರೊಳಗೇ ಪುಟ್ಟ ಶಾರ್ಪನರ್ ಇದೆ. ನಾನು ಹೆಚ್ಚಾಗಿ ಉಪ್ಪುಕಾಗದದ ಮೇಲೆ ಉಜ್ಜಿ ಮೊನೆ ಮಾಡುತ್ತಿದ್ದೆ. ಸ್ಕೆಚ್ ಮಾಡುವಾಗ, ನೆರಳು ತುಂಬುವಾಗ ಅದನ್ನು ಹಿಡಿ. ಸಣ್ಣ ಲೆಡ್‌ನಲ್ಲಿ ಗೆರೆಯ ದಪ್ಪ ಒಂದೇ. ಇದರಲ್ಲಿ ಹಾಗಲ್ಲ, ಓರೆಯಾಗಿ ಹಿಡಿದರೆ ಅಗಲ, ನಿಲ್ಲಿಸಿದರೆ ಕೂದಲೆಳೆ. ಎಷ್ಟು ಒತ್ತಿದರೆ ಎಷ್ಟು ಕಪ್ಪು ಅನ್ನುವುದನ್ನು ನನ್ನ ಬೆರಳಿಗೆ ಕಲಿಸಿದ್ದು ಅದೇ. ನಿನ್ನ ಆ ಗಂಟಿಗೂ ಅದು ಒಳ್ಳೆಯದು. ಹೊಸ ಲೆಡ್ ಹಾಕಿಟ್ಟಿದ್ದೇನೆ, ಎಚ್‌ಬಿ.

ಅಪ್ಪ ನಾಳೆ ಕೊರಿಯರ್ ಮಾಡುತ್ತಾರೆ. ದಸರಾ ರಜೆಗೆ ಬರುವಾಗ ನಿನ್ನ ಮೊದಲ ಶೀಟ್ ತಗೊಂಡು ಬಾ. ತಪ್ಪಿದ್ದರೂ ಪರವಾಗಿಲ್ಲ, ಮೂಲೆಗಳು ಹೇಗೆ ಕೂಡಿವೆ ಅಂತ ನೋಡಬೇಕು. ಬಸ್ಸಿನಲ್ಲಿ ಜಾಗ ಇಲ್ಲ ಅಂತ ಮಡಚಬೇಡ. ಸುತ್ತಿಕೊಂಡು ಬಾ.

ನಿನ್ನ
ಅಮ್ಮ