ಬೆಂಕಿಪೊಟ್ಟಣ ಕಾರ್ಖಾನೆಯ ಮುಷ್ಕರಕ್ಕೆ ಕರೆ ಕೊಟ್ಟದ್ದು ಬೆಸೆಂಟ್ ಅಲ್ಲ

ಮಾನ್ಯರೇ,

ಆ್ಯನಿ ಬೆಸೆಂಟ್ ಜಯಂತಿಯ ನಿಮಿತ್ತ ತಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಹೋಂ ರೂಲ್ ಚಳವಳಿಯನ್ನೂ 1917ರ ಕಾಂಗ್ರೆಸ್ ಅಧ್ಯಕ್ಷತೆಯನ್ನೂ ಚೆನ್ನಾಗಿ ವಿವರಿಸಿದೆ. ಆದರೆ ಅವರ ಲಂಡನ್ ಬದುಕಿಗೆ ಮೀಸಲಿಟ್ಟ ಒಂದೇ ಪ್ಯಾರಾದಲ್ಲಿ ಎರಡು ತಪ್ಪುಗಳು ನುಸುಳಿವೆ.

ಸಂತಾನ ನಿಯಂತ್ರಣದ ಪುಸ್ತಕ ಮಾರಿದ್ದಕ್ಕೆ ಅವರು ಆರು ತಿಂಗಳು ಜೈಲಿನಲ್ಲಿದ್ದರು ಎಂದು ಬರೆಯಲಾಗಿದೆ. ಶಿಕ್ಷೆಯಾದದ್ದು ನಿಜ, ಜೈಲಿಗೆ ಹೋಗಲಿಲ್ಲ. 1877ರಲ್ಲಿ ಅವರೂ ನಾಸ್ತಿಕ ಮುಖಂಡ ಚಾರ್ಲ್ಸ್ ಬ್ರ್ಯಾಡ್ಲಾ ಅವರೂ ಸೇರಿ, ಅಮೆರಿಕದ ವೈದ್ಯ ಚಾರ್ಲ್ಸ್ ನೋಲ್ಟನ್ ಬರೆದಿದ್ದ ಹಳೆಯ ಕಿರುಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಿ ಆರು ಪೆನ್ನಿಗೆ ಮಾರಿದರು. ಎಲ್ಲಿ, ಯಾವಾಗ ಮಾರುತ್ತೇವೆ ಎಂದು ಅಧಿಕಾರಿಗಳಿಗೆ ತಾವೇ ಮೊದಲೇ ತಿಳಿಸಿದ್ದರು. ಮೊಕದ್ದಮೆ ಆಗಲಿ ಎಂಬುದೇ ಉದ್ದೇಶ. ಇಬ್ಬರಿಗೂ ಆರು ತಿಂಗಳ ಸಜೆ, ತಲಾ 200 ಪೌಂಡ್ ದಂಡ. ಯಾವ ಮಾತುಗಳು ಅಶ್ಲೀಲ ಎಂಬುದನ್ನು ಆರೋಪಪಟ್ಟಿಯಲ್ಲಿ ನಮೂದಿಸಿರಲಿಲ್ಲವೆಂದು 1878ರ ಫೆಬ್ರುವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪನ್ನು ರದ್ದುಪಡಿಸಿತು. ನಿಜವಾದ ಶಿಕ್ಷೆ ಅದೇ ವರ್ಷ ಬೇರೆ ನ್ಯಾಯಾಲಯದಿಂದ ಬಂತು. ದೂರವಾಗಿದ್ದ ಗಂಡ, ಪಾದ್ರಿ ಫ್ರಾಂಕ್ ಬೆಸೆಂಟ್, ಹೂಡಿದ ದಾವೆಯಲ್ಲಿ ತಾಯಿ ನಾಸ್ತಿಕಳು, ಇಂಥ ಪುಸ್ತಕ ಪ್ರಕಟಿಸಿದವಳು ಎಂಬ ಕಾರಣಕ್ಕೆ ಮಗಳು ಮೇಬಲ್‌ಳನ್ನು ಅವರಿಂದ ಕಿತ್ತುಕೊಳ್ಳಲಾಯಿತು. ಲೇಖನದಲ್ಲಿ ಇದರ ಸುಳಿವೇ ಇಲ್ಲ.

ಎರಡನೆಯದು, 1888ರಲ್ಲಿ ಲಂಡನ್ನಿನ ಬೆಂಕಿಪೊಟ್ಟಣ ಕಾರ್ಖಾನೆಯ ಮುಷ್ಕರಕ್ಕೆ ಅವರೇ ಕರೆ ಕೊಟ್ಟರು ಎಂಬ ಮಾತು. ಆ ವರ್ಷ ಜೂನ್ 23ರಂದು ‘ದಿ ಲಿಂಕ್’ ಪತ್ರಿಕೆಯಲ್ಲಿ ಅವರು ಬರೆದದ್ದು ಕೂಲಿ, ದಂಡಗಳ ಲೆಕ್ಕ. ಬ್ರಯಂಟ್ ಆ್ಯಂಡ್ ಮೇ ಕಾರ್ಖಾನೆಯ 16 ವರ್ಷದ ಹುಡುಗಿಗೆ ವಾರಕ್ಕೆ 4 ಶಿಲ್ಲಿಂಗ್, ಅಂದರೆ 48 ಪೆನ್ನಿ. ಕಾಲು ಕೊಳೆಯಾಗಿದ್ದರೆ 3 ಪೆನ್ನಿ ದಂಡ. ಹೊತ್ತಿಕೊಂಡ ಕಡ್ಡಿಗಳನ್ನು ಬೆಂಚಿನ ಮೇಲಿಟ್ಟರೆ 1 ಶಿಲ್ಲಿಂಗ್, ಕಾಲು ವಾರದ ಕೂಲಿಯೇ ಹೋಯಿತು. ತಡವಾಗಿ ಬಂದರೆ ಅರ್ಧ ದಿನ ಹೊರಗೆ. ದಿನಕ್ಕೆ 8 ಪೆನ್ನಿ ದುಡಿಯುವವಳಿಗೆ 5 ಪೆನ್ನಿ ಕಡಿತ, ಅರ್ಧಕ್ಕಿಂತ ಹೆಚ್ಚು! ಯಂತ್ರಕ್ಕೆ ಬೆರಳು ಸಿಗದಂತೆ ನೋಡಿಕೊಳ್ಳಲು ಹೋಗಿ ಸುರುಳಿ ಯಂತ್ರಕ್ಕೆ ಸುತ್ತಿಕೊಳ್ಳಲು ಬಿಟ್ಟವಳಿಗೂ 1 ಶಿಲ್ಲಿಂಗ್ ದಂಡ ಬಿತ್ತು, ಬೆರಳಿನ ಚಿಂತೆ ಬಿಡು, ಯಂತ್ರ ನೋಡಿಕೋ ಎಂಬ ಬೈಗುಳವೂ ಸಿಕ್ಕಿತು. ಷೇರುದಾರರಿಗೆ ಮಾತ್ರ ಶೇ 23ರ ಲಾಭಾಂಶ.

ಈ ಬರಹ ಸುಳ್ಳೆಂದು ಸಹಿ ಹಾಕಿಕೊಡಿ ಎಂದು ಕಂಪನಿ ಒತ್ತಾಯಿಸಿತು. ಹೆಣ್ಣುಮಕ್ಕಳು ಒಪ್ಪಲಿಲ್ಲ. ಒಬ್ಬಳನ್ನು ಕೆಲಸದಿಂದ ತೆಗೆದರು; ಜುಲೈ ಮೊದಲ ವಾರದಲ್ಲಿ ಸುಮಾರು 1,400 ಮಂದಿ ಹೊರಬಿದ್ದರು. ಬೆಸೆಂಟ್ ಬಯಸಿದ್ದು ಆ ಕಂಪನಿಯ ಕಡ್ಡಿಗಳ ಬಹಿಷ್ಕಾರವನ್ನು, ಮುಷ್ಕರವನ್ನಲ್ಲ. ಕಾರ್ಮಿಕರು ಬೆಸೆಂಟ್ ಅವರ ಕಚೇರಿಯ ಬಾಗಿಲಿಗೇ ಬಂದಾಗ ಅವರು ಹಿಂದೆಗೆಯಲಿಲ್ಲ ಎಂಬುದು ಅವರ ದೊಡ್ಡತನ. ನಿಧಿ ಕೂಡಿಸಿದರು, ಹಣ ಹಂಚಿದರು, ಸಂಸತ್ತಿಗೆ ನಿಯೋಗ ಹೋಗುವಂತೆ ನೋಡಿಕೊಂಡರು. ಧೈರ್ಯ ಆ ಹುಡುಗಿಯರದು, ವ್ಯವಸ್ಥೆ ಇವರದು.

ಎರಡು ವಾರದೊಳಗೆ ದಂಡ, ಕಡಿತಗಳು ರದ್ದಾದವು. ಊಟಕ್ಕೆ ಬೇರೆ ಕೋಣೆ ಕೊಡಲೂ ಕಂಪನಿ ಒಪ್ಪಿತು. ಇದನ್ನು ಸಣ್ಣ ಸಂಗತಿ ಎಂದುಕೊಳ್ಳಬಾರದು. ಕೆಲಸದ ಜಾಗದಲ್ಲೇ ತಿನ್ನುತ್ತಿದ್ದುದರಿಂದ ಕಡ್ಡಿಯ ತುದಿಗೆ ಹಚ್ಚುತ್ತಿದ್ದ ವಿಷಕಾರಿ ಬಿಳಿ ರಂಜಕ ಆಹಾರದ ಜೊತೆ ಬಾಯಿಗೆ ಹೋಗುತ್ತಿತ್ತು. ಅದರ ಹಬೆ ಹುಳುಕು ಹಲ್ಲಿನ ಮೂಲಕ ದವಡೆಗಿಳಿದು ಎಲುಬನ್ನೇ ಕೊಳೆಸುತ್ತಿತ್ತು. ಆದರೂ ಮುಷ್ಕರದಿಂದ ಬಿಳಿ ರಂಜಕ ನಿಂತುಹೋಗಲಿಲ್ಲ. ಬ್ರಿಟನ್ನಿನಲ್ಲಿ ಅದನ್ನು ನಿಷೇಧಿಸುವ ಕಾನೂನು ಬಂದದ್ದು 1908ರಲ್ಲಿ, ಬೆಸೆಂಟ್ ಭಾರತಕ್ಕೆ ಬಂದು ಹದಿನೈದು ವರ್ಷವಾದ ಮೇಲೆ.

ಇಂಥ ಲೇಖನಗಳನ್ನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಈ ಎರಡು ವಾಕ್ಯಗಳಿಗೆ ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ಇತಿಹಾಸ ಅಧ್ಯಾಪಕ, ಮೈಸೂರು