ಕುರ್ಚಿಗೆ ಮೊದಲು ಪ್ರಶ್ನೆ

2021ರಲ್ಲಿ ಒಂದು ದಿನ, ಅಮೆರಿಕದಲ್ಲಿರುವ ನನಗೆ ಮಂಡ್ಯದಿಂದ ದೊಡ್ಡಪ್ಪ ಫೋನ್ ಮಾಡಿದ್ದರು. ಯುಗಾದಿಗೆ ಏನೇನು ತಯಾರಿ ಅನ್ನುವ ಮಾತು ಮುಗಿಯುವ ಮೊದಲೇ ಕೇಳಿದರು: "ಏನವ್ವ, ನಮ್ಮ ಹಲ್ಲೆಗೆರೆ ಡಾಕ್ಟ್ರು ಬೈಡನ್ ಸಂಪುಟ ಸೇರಿದ್ರಂತೆ? ಯಾವ ಖಾತೆ ಕೊಟ್ರು?"

ಅವರು ಕೇಳಿದ್ದು ಡಾ. ವಿವೇಕ್ ಮೂರ್ತಿಯವರ ಬಗ್ಗೆ. ಅವರ ಮನೆತನದ ಊರು ಮಂಡ್ಯದ ಹಲ್ಲೆಗೆರೆ. ಮಾರ್ಚ್ 23ರಂದು ಸೆನೆಟ್, ಅಂದರೆ ಇಲ್ಲಿನ ಸಂಸತ್ತಿನ ಮೇಲ್ಮನೆ, 57–43 ಮತಗಳಿಂದ ಅವರನ್ನು ಮತ್ತೆ ಸರ್ಜನ್ ಜನರಲ್ ಆಗಿ, ಅಂದರೆ ಜನರ ಆರೋಗ್ಯದ ಬಗ್ಗೆ ದೇಶಕ್ಕೆ ಸಲಹೆ ಕೊಡುವ ಮುಖ್ಯ ವೈದ್ಯರಾಗಿ, ಒಪ್ಪಿಕೊಂಡಿತು. ಒಬಾಮಾ ಕಾಲದಲ್ಲೂ ಅವರು ಇದೇ ಹುದ್ದೆಯಲ್ಲಿದ್ದರು. ದೊಡ್ಡ ಹುದ್ದೆ, ಆದರೆ ಸಂಪುಟದ್ದಲ್ಲ. ಅದು ಆರೋಗ್ಯ ಇಲಾಖೆಯ ಕೆಳಗೆ ಬರುತ್ತದೆ. ಆಗ ಆ ಇಲಾಖೆಯ ಮುಖ್ಯಸ್ಥರಾಗಿದ್ದವರು ಹಾವಿಯರ್ ಬೆಸೆರಾ. ಅವರು ಡಾಕ್ಟರಲ್ಲ, ವಕೀಲರು.

ಹಾಗಂತ ಹೇಳಿದೆ. ಬೆಸೆರಾ ಅವರನ್ನು 'ಸೆಕ್ರೆಟರಿ' ಅಂತ ಕರೆದದ್ದೇ ತಡ, ದೊಡ್ಡಪ್ಪನಿಗೆ ಮತ್ತೆ ಗೊಂದಲ. "ಸೆಕ್ರೆಟರಿ ಅಂದ್ರೆ ಐಎಎಸ್ ಆಫೀಸರ್ ಅಲ್ವೇನವ್ವ?" ನಮ್ಮೂರಿನಲ್ಲಿ ಮಂತ್ರಿ ಮೇಲೆ, ಕಾರ್ಯದರ್ಶಿ ಕೆಳಗೆ. ಇಲ್ಲಿ ಸೆಕ್ರೆಟರಿಯೇ ಮಂತ್ರಿ. ಇಂಥವರು ಇಲಾಖೆಗೆ ಒಬ್ಬರಂತೆ 15 ಜನ, ಜೊತೆಗೆ ಉಪಾಧ್ಯಕ್ಷರು. ಇನ್ನೂ ಕೆಲವರಿಗೆ ಸಂಪುಟದ ದರ್ಜೆ ಕೊಡುವುದು ಅಧ್ಯಕ್ಷರ ಇಷ್ಟ. ಜಾರ್ಜ್ ವಾಷಿಂಗ್ಟನ್ ಶುರು ಮಾಡಿದಾಗ ಅವರ ಜೊತೆ ಕೂತವರು ನಾಲ್ಕೇ ಜನ: ಜೆಫರ್ಸನ್, ಹ್ಯಾಮಿಲ್ಟನ್, ನಾಕ್ಸ್, ರಾಂಡಾಲ್ಫ್.

ಇಲ್ಲಿ ಶಾಸನಸಭೆಯ ಸದಸ್ಯರಾಗಿದ್ದುಕೊಂಡೇ ಮಂತ್ರಿಯಾಗುವ ಹಾಗಿಲ್ಲ. ಬೈಡನ್ ಸಂಪುಟ ಸೇರಿದ ಡೆಬ್ ಹಾಲೆಂಡ್, ಮಾರ್ಷಿಯಾ ಫಜ್ ಇಬ್ಬರೂ ಸಂಸತ್ತಿನ ತಮ್ಮ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಬಂದರು. ನಮ್ಮಲ್ಲಿ ನೇರ ಉಲ್ಟಾ. ಸದಸ್ಯರಲ್ಲದವರು ಮಂತ್ರಿಯಾದರೆ ಆರು ತಿಂಗಳೊಳಗೆ ಸದಸ್ಯರಾಗಬೇಕು.

ಆದರೆ ನನ್ನ ಮನಸ್ಸಿನಲ್ಲಿ ಉಳಿದ ವ್ಯತ್ಯಾಸ ಬೇರೆ. 2021ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಏಳು ಜನ ಹೊಸ ಸಚಿವರು ಪ್ರಮಾಣವಚನ ತೆಗೆದುಕೊಂಡರು. ಖಾತೆ ಹಂಚಿದ ಕೆಲವೇ ದಿನಗಳಲ್ಲಿ ಕೆಲವರ ಖಾತೆ ಬದಲಾಯಿತು. ಯಾರಿಗೆ ಬೇಸರ, ಯಾರಿಗೆ ಸಮಾಧಾನ ಅನ್ನುವುದೇ ಸುದ್ದಿ. ಈ ಖಾತೆಯ ಬಗ್ಗೆ ನಿಮಗೇನು ಗೊತ್ತು, ಮೊದಲ ವರ್ಷ ಏನು ಮಾಡುತ್ತೀರಿ ಅಂತ ಯಾರೂ ಕೇಳಲಿಲ್ಲ. ಕೇಳುವ ಜಾಗವೇ ಇಲ್ಲ ನಮ್ಮಲ್ಲಿ. ಇಲ್ಲಿ ಆ ಜಾಗ ಇದೆ. ಅಧ್ಯಕ್ಷರು ಹೆಸರಿಸಿದವರು ಸೆನೆಟ್ ಸಮಿತಿಯ ಮುಂದೆ ಕೂರಬೇಕು, ಟಿವಿ ಕ್ಯಾಮೆರಾ ಮುಂದೆ ಉತ್ತರ ಕೊಡಬೇಕು. ಆಮೇಲೆ ಮತ.

ಅದು ಸುಮ್ನೆ ಶಾಸ್ತ್ರಕ್ಕೆ ನಡೆಯುವುದಲ್ಲ. ಬೆಸೆರಾ ಗೆದ್ದದ್ದು 50–49ರಲ್ಲಿ, ಒಂದೇ ಒಂದು ಮತದಿಂದ. ಬಜೆಟ್ ಕಚೇರಿಗೆ ಹೆಸರಿಸಿದ್ದ ನೀರಾ ಟಂಡನ್ ಮಾರ್ಚ್ 2ರಂದು ಹಿಂದೆ ಸರಿದರು. ಸೆನೆಟರ್‌ಗಳ ಬಗ್ಗೆ ಹಿಂದೆ ಬರೆದಿದ್ದ ಖಾರದ ಟ್ವೀಟ್‌ಗಳು ಅಡ್ಡ ಬಂದವು. ಭಾರತೀಯ ಮೂಲದವರು ಅಂತ ನಮ್ಮಲ್ಲಿ ಅನೇಕರಿಗೆ ಬೇಜಾರಾಯಿತು. ನನಗೂ ಆಯಿತು. ಆದರೂ ಕೇಳುವ ಹಕ್ಕು ಕೇಳುವವರಿಗಿದೆ, ಅಲ್ವಾ? ಕೊನೆಯ ಇಲಾಖೆಗೆ, ಅಂದರೆ ಕಾರ್ಮಿಕ ಇಲಾಖೆಗೆ, ಒಪ್ಪಿಗೆ ಸಿಕ್ಕಿದ್ದು ಮಾರ್ಚ್ 22ಕ್ಕೆ. 15 ಕುರ್ಚಿ ತುಂಬಲು ಎರಡು ತಿಂಗಳು ಹಿಡಿಯಿತು. ನಿಧಾನವೇ. ಆದರೆ ನನಗೆ ಈ ನಿಧಾನ ಇಷ್ಟ.

ಲೆಕ್ಕಾಚಾರ ಇಲ್ಲೂ ಇದೆ. ನಮ್ಮಲ್ಲಿ ಜಿಲ್ಲೆ, ಜಾತಿ ನೋಡುತ್ತಾರೆ. ಇಲ್ಲಿ ಹೆಂಗಸರೆಷ್ಟು, ಕಪ್ಪು ಜನರೆಷ್ಟು, ಲ್ಯಾಟಿನೋಗಳೆಷ್ಟು (ಲ್ಯಾಟಿನ್ ಅಮೆರಿಕ ಮೂಲದವರು) ಅಂತ ನೋಡುತ್ತಾರೆ. ಅದನ್ನು ನಾನು ತಪ್ಪು ಅನ್ನಲಾರೆ. ಹಣಕಾಸಿಗೆ ಹೆಣ್ಣುಮಗಳೊಬ್ಬಳು ಬರಲು 1789ರಿಂದ 2021ರವರೆಗೆ ಕಾಯಬೇಕಾಯಿತು. ಜಾನೆಟ್ ಯೆಲೆನ್ ಮೊದಲನೆಯವರು. ರಕ್ಷಣಾ ಇಲಾಖೆಗೆ ಲಾಯ್ಡ್ ಆಸ್ಟಿನ್ ಮೊದಲ ಕಪ್ಪು ಮುಖ್ಯಸ್ಥರು.

ಹೊರಗೆ ಹುಟ್ಟಿ ಬಂದವರೂ ಆ ಸಂಪುಟದಲ್ಲಿದ್ದರು. ಅಲೆಹಾಂದ್ರೊ ಮಯೋರ್ಕಾಸ್ ಹುಟ್ಟಿದ್ದು ಕ್ಯೂಬಾದ ಹವಾನಾದಲ್ಲಿ, ಜೆನಿಫರ್ ಗ್ರಾನ್‌ಹೋಮ್ ಕೆನಡಾದಲ್ಲಿ. ಇಂಥವರು ಅಧ್ಯಕ್ಷರಾಗುವ ಹಾಗಿಲ್ಲ. ಅಧ್ಯಕ್ಷರಿಗೆ ಏನಾದರೂ ಆದರೆ ಮುಂದೆ ಯಾರು ಅನ್ನುವ ಸಾಲಿನಲ್ಲೂ ಇಂಥವರನ್ನು ಬಿಟ್ಟು ಎಣಿಸುತ್ತಾರೆ. ಆದರೆ ಇಲಾಖೆ ನಡೆಸಬಹುದು. ನಮ್ಮನೆ ದೊಡ್ಡವಳು ಹುಟ್ಟಿದ್ದು ಮೈಸೂರಿನಲ್ಲಿ, ಚಿಕ್ಕವಳು ಇಲ್ಲಿ. ಇದನ್ನು ಊಟದ ಹೊತ್ತಿಗೆ ವಿವರಿಸಿದಾಗ ದೊಡ್ಡವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಾನು ಪೂರ್ತಿ ಕೂತು ನೋಡಿದ ವಿಚಾರಣೆ ಡೆಬ್ ಹಾಲೆಂಡ್ ಅವರದು. ಅವರು ನ್ಯೂ ಮೆಕ್ಸಿಕೋದ ಲಗೂನಾ ಪ್ವೆಬ್ಲೋ ಬುಡಕಟ್ಟಿನವರು. ಅವರಿಗೆ ಕೊಟ್ಟದ್ದು ಇಂಟೀರಿಯರ್ ಇಲಾಖೆ. ಇದನ್ನು ನಮ್ಮ ಗೃಹ ಖಾತೆ ಅಂದುಕೊಳ್ಳಬೇಡಿ, ದೇಶದ ಪೊಲೀಸ್ ವ್ಯವಸ್ಥೆ ನೋಡಿಕೊಳ್ಳುವುದು ಇದರ ಕೆಲಸವಲ್ಲ. ಸರ್ಕಾರಿ ಭೂಮಿ, ರಾಷ್ಟ್ರೀಯ ಉದ್ಯಾನಗಳು, ಮೂಲನಿವಾಸಿಗಳ ವ್ಯವಹಾರ ಇದರ ಕೈಯಲ್ಲಿವೆ. ಮೂಲನಿವಾಸಿಗಳ ವಿಭಾಗ 1849ರಿಂದ ಇಲ್ಲಿದೆ. ಬುಡಕಟ್ಟಿನ ಮಕ್ಕಳನ್ನು ಮನೆಯಿಂದ ದೂರ ಒಯ್ದು ವಸತಿ ಶಾಲೆಗೆ ಹಾಕಿದ್ದು ಇದೇ ವಿಭಾಗ. ಅಲ್ಲಿ ಮಕ್ಕಳ ಕೂದಲು ಕತ್ತರಿಸುತ್ತಿದ್ದರು. ಮನೆಮಾತು ಆಡಿದರೆ ಶಿಕ್ಷೆ.

ಓದುಗರೇ, ಮಕ್ಕಳ ಬಾಯಲ್ಲಿ ಕನ್ನಡ ಉಳಿಯಲಿ ಅಂತಲೇ ನಾವು ಇಲ್ಲಿ ಈ ಕನ್ನಡ ಸಂಘ ಕಟ್ಟಿಕೊಂಡವರು. ನಮ್ಮ ಮಕ್ಕಳು ಕನ್ನಡ ಬಿಟ್ಟರೆ ಅದಕ್ಕೆ ಶಾಲೆ, ಟಿವಿ, ನಮ್ಮ ಸೋಮಾರಿತನ ಕಾರಣ. ಯಾರೂ ಹೊಡೆದು ಬಿಡಿಸಿದ್ದಲ್ಲ. ಆ ಮಕ್ಕಳಿಗೆ ಸರ್ಕಾರವೇ ಹೊಡೆದು ಬಿಡಿಸಿತು. 2021ರಲ್ಲಿ ಅದೇ ಇಲಾಖೆಯ ಕುರ್ಚಿಗೆ ಆ ಜನರ ಮಗಳು ಬಂದರು. ವಿಚಾರಣೆಯಲ್ಲಿ ಸೆನೆಟರ್‌ಗಳು ಎಣ್ಣೆ, ಅನಿಲ, ಕಲ್ಲಿದ್ದಲು ಬಗ್ಗೆ ಎರಡು ದಿನ ಬಿಡದೆ ಕೇಳಿದರು. ಹಾಲೆಂಡ್ ದನಿ ಏರಿಸದೆ ಉತ್ತರ ಕೊಟ್ಟರು. 51–40ರಲ್ಲಿ ಒಪ್ಪಿಗೆಯಾಯಿತು. ಮಾರ್ಚ್ 18ರಂದು ತಮ್ಮ ಜನರ ರಿಬ್ಬನ್ ಲಂಗ, ಮೊಕಾಸಿನ್ ಅನ್ನುವ ಚರ್ಮದ ಪಾದರಕ್ಷೆ ತೊಟ್ಟು ಪ್ರಮಾಣ ಮಾಡಿದರು. ನನ್ನ ಕಣ್ಣು ಒದ್ದೆಯಾಯಿತು.

ಏಪ್ರಿಲ್ 1ರಂದು ಹೊಸ ಸಂಪುಟದ ಮೊದಲ ಸಭೆ ನಡೆಯಿತು. ಕೋವಿಡ್ ಕಾಲ, ಮಾಮೂಲಿ ಕೋಣೆಯಲ್ಲಿ ದೂರ ದೂರ ಕೂರಲು ಜಾಗ ಸಾಲದೆಂದು ಶ್ವೇತಭವನದ ಈಸ್ಟ್ ರೂಮಿನಲ್ಲಿ ಸೇರಿದರು, ಎಲ್ಲರೂ ಮಾಸ್ಕ್ ಹಾಕಿಕೊಂಡು.

ಹಬ್ಬ ಮುಗಿದ ಮೇಲಿನ ಭಾನುವಾರ ನಮ್ಮ ಆನ್‌ಲೈನ್ ಕನ್ನಡ ತರಗತಿಯ ದೊಡ್ಡ ಮಕ್ಕಳಿಗೆ ಹಾಲೆಂಡ್ ವಿಚಾರಣೆಯ ಹತ್ತು ನಿಮಿಷ ತೋರಿಸುವುದು ಅಂತ ಆಗ ಗೊತ್ತು ಮಾಡಿದೆವು. ಆಮೇಲೆ ಪ್ರತಿಯೊಬ್ಬರೂ ಮಂತ್ರಿಯಾಗಲು ಬಂದವರಿಗೆ ಒಂದು ಪ್ರಶ್ನೆ ಬರೆಯಬೇಕು, ಕನ್ನಡದಲ್ಲಿ. ಕಾಗುಣಿತ ತಪ್ಪಿದರೂ ಪರವಾಗಿಲ್ಲ. ಬಂದ ಪ್ರಶ್ನೆಗಳನ್ನೆಲ್ಲ ನಮ್ಮ ಸಂಘದ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಹಾಕುವುದು ಅಂತಲೂ ಮಾತಾಯಿತು. ದೊಡ್ಡಪ್ಪನೂ ಒಂದು ಕಳಿಸುತ್ತೇನೆ ಅಂದಿದ್ದರು.